ಆರು ನಿಮಿಷ, ಆರು ಪದ: ಬಿಬಿಸಿಯ ಇಂಗ್ಲಿಷ್ ಪಾಠಗಳನ್ನು ಕುರಿತು

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದ ದಿನಗಳಲ್ಲಿ ನಾನು ಸೇರಿದ್ದ ತರಬೇತಿ ಕೇಂದ್ರವೊಂದರಲ್ಲಿ ದಿನಕ್ಕೆ 50 ಇಂಗ್ಲಿಷ್ ಪದಗಳಿರುವ ಜೆರಾಕ್ಸ್ ಹಾಳೆಯನ್ನು ಕೊಡುತ್ತಿದ್ದರು. ಪದಗಳು ಅಕಾರಾದಿ ಕ್ರಮದಲ್ಲಿದ್ದುದರಿಂದ ಮೊದಲ ಹಾಳೆಯಲ್ಲಿಯೇ ‘ಅಬೇಟ್’ ಮತ್ತು ‘ಅಬೆಟ್’ ಒಂದರ ಕೆಳಗೊಂದು ಇದ್ದವು. ಮೊದಲನೆಯದಕ್ಕೆ ತಗ್ಗು ಎಂದೂ ಎರಡನೆಯದಕ್ಕೆ ಕುಮ್ಮಕ್ಕು ನೀಡು ಎಂದೂ ಅರ್ಥ ಬರೆದಿದ್ದರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಅವೆರಡೂ ಮರುದಿನವೇ ಅದಲು ಬದಲಾದವು, ಮೂರು ತಿಂಗಳಾದರೂ ಸರಿಹೋಗಲಿಲ್ಲ. ಕೊನೆಗೆ ಸರಿಹೋದದ್ದು ಮಳೆಯ ಸುದ್ದಿಯಲ್ಲಿ ‘ಅಬೇಟ್’ ಪದವನ್ನೂ, ನ್ಯಾಯಾಲಯದ ಸುದ್ದಿಯಲ್ಲಿ ‘ಅಬೆಟ್‌ಮೆಂಟ್’ ಪದವನ್ನೂ ಓದಿದ ಮೇಲೆ. ಪದವನ್ನು ಪಟ್ಟಿಯಿಂದಲ್ಲ, ನಡೆದ ಸಂಗತಿಯಿಂದ ಕಲಿಯಬೇಕು ಎಂಬುದು ಆಗ ಮನವರಿಕೆಯಾಯಿತು. ಹೀಗೆ ಕಲಿಸುವ ಬಿಬಿಸಿ ಲರ್ನಿಂಗ್ ಇಂಗ್ಲಿಷ್ ಸೇವೆಯನ್ನು, ಅದರಲ್ಲಿಯೂ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಎಂಬ ಶ್ರವ್ಯ ಕಾರ್ಯಕ್ರಮವನ್ನು, ಎರಡು ವರ್ಷಗಳಿಂದ ತಪ್ಪದೆ ಬಳಸುತ್ತ ಬಂದಿರುವುದರಿಂದ ಅದರ ಗುಣವನ್ನೂ ಮಿತಿಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಬಿಬಿಸಿಯು ಬೇರೆ ದೇಶಗಳ ಕೇಳುಗರಿಗೆ ಇಂಗ್ಲಿಷ್ ಕಲಿಸುವ ಕೆಲಸವನ್ನು 1943ರಿಂದಲೇ ಮಾಡುತ್ತಿದೆ. ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಕಾರ್ಯಕ್ರಮದ ಕಟ್ಟು ಸರಳವಾದದ್ದು. ಇಬ್ಬರು ನಿರೂಪಕರು ಆಹಾರ, ನಿದ್ರೆ, ಹವಾಮಾನ ಬದಲಾವಣೆ, ಕೃತಕ ಬುದ್ಧಿಮತ್ತೆ, ಹಬ್ಬ, ಒಂಟಿತನ ಮುಂತಾದ ಯಾವುದಾದರೂ ಒಂದು ವಿಷಯವನ್ನು ಎತ್ತಿಕೊಂಡು ಮಾತಿಗೆ ತೊಡಗುತ್ತಾರೆ. ಆರಂಭದಲ್ಲಿಯೇ ಮೂರು ಆಯ್ಕೆಗಳಿರುವ ಪ್ರಶ್ನೆಯೊಂದನ್ನು ಕೇಳಿ, ಉತ್ತರವನ್ನು ಕೊನೆಯವರೆಗೆ ಕಾಯ್ದಿರಿಸುತ್ತಾರೆ. ನಡುವೆ ಬಿಬಿಸಿಯ ಬೇರೊಂದು ಕಾರ್ಯಕ್ರಮದಿಂದ ತಜ್ಞರೊಬ್ಬರ ಮಾತಿನ ತುಣುಕನ್ನು ಕೇಳಿಸಿ, ಅದರಲ್ಲಿ ಬಂದ ಪದವನ್ನು ಅಲ್ಲಿಯೇ ಬಿಡಿಸಿ ಹೇಳುತ್ತಾರೆ. ಮುಗಿಯುವ ಮೊದಲು ಆರು ಪದಗಳನ್ನು ಮತ್ತೊಮ್ಮೆ ನೆನಪಿಸುತ್ತಾರೆ.

ಈ ಕಟ್ಟಿನಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಆ ಮಾತಿನ ತುಣುಕು. ನಿರೂಪಕರ ಇಂಗ್ಲಿಷ್ ಸ್ಪಷ್ಟವಾಗಿಯೂ ನಿಧಾನವಾಗಿಯೂ ಇರುತ್ತದೆ, ಆದರೆ ತಜ್ಞರು ಕಲಿಯುವವರಿಗಾಗಿ ಮಾತನಾಡುತ್ತಿರುವುದಿಲ್ಲ. ಅವರು ತಡವರಿಸುತ್ತಾರೆ, ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಬೇರೊಂದನ್ನು ಹಿಡಿಯುತ್ತಾರೆ, ತಮ್ಮ ಊರಿನ ಉಚ್ಚಾರಣೆಯಲ್ಲಿಯೇ ಮಾತನಾಡುತ್ತಾರೆ. ಪುಸ್ತಕದಿಂದ ಇಂಗ್ಲಿಷ್ ಕಲಿತ ನಮ್ಮಂಥವರ ಕಿವಿಗೆ ಬೇಕಾದ ಅಭ್ಯಾಸ ಅದೇ. ‘ಕಾವೇರಿ’ಯ ನಂತರ ಪತ್ರಿಕೆಗಳು ಮುದ್ರಿಸುವ ಮೂರಕ್ಷರದ ಇಂಗ್ಲಿಷ್ ಪದವನ್ನು (row) ನಾನು ಬಹುಕಾಲ ‘ರೋ’ ಎಂದೇ ಓದಿಕೊಂಡು, ಸಾಲು ಎಂಬ ಅರ್ಥ ಅಲ್ಲಿ ಹೇಗೆ ಹೊಂದುತ್ತದೆ ಎಂದು ತಿಳಿಯದೆ ಮುಂದೆ ಹೋಗುತ್ತಿದ್ದೆ. ಜಗಳ, ವಿವಾದ ಎಂಬ ಅರ್ಥದಲ್ಲಿ ಅದನ್ನು ‘ರೌ’ ಎಂದು ಉಚ್ಚರಿಸಬೇಕೆಂಬುದು ಕಿವಿಯಿಂದ ಕೇಳಿದಾಗಲೇ ತಿಳಿಯಿತು.

ಇದೇ ಸೇವೆಯ ‘ನ್ಯೂಸ್ ರಿವ್ಯೂ’ ಎಂಬ ಇನ್ನೊಂದು ಹಳೆಯ ಸರಣಿಯನ್ನು ಪತ್ರಿಕೆ ಓದುವವರು ಮುಖ್ಯವಾಗಿ ಗಮನಿಸಬೇಕು. ಅದು ಆಗ ಚಾಲ್ತಿಯಲ್ಲಿದ್ದ ಒಂದು ಸುದ್ದಿಯನ್ನು ತೆಗೆದುಕೊಂಡು, ಬೇರೆ ಬೇರೆ ಪತ್ರಿಕೆಗಳ ತಲೆಬರಹಗಳಿಂದ ಮೂರು ಪದಗಳನ್ನೋ ನುಡಿಗಟ್ಟುಗಳನ್ನೋ ಆರಿಸಿ ವಿವರಿಸುತ್ತಿತ್ತು. ಇಂಗ್ಲಿಷ್ ತಲೆಬರಹಕ್ಕೆ ತನ್ನದೇ ವ್ಯಾಕರಣವಿದೆ. ನಿನ್ನೆ ನಡೆದದ್ದನ್ನು ವರ್ತಮಾನ ಕಾಲದಲ್ಲಿ ಹೇಳುವುದು, ನಾಳೆ ನಡೆಯಲಿರುವುದನ್ನು ಕ್ರಿಯಾಪದಕ್ಕೆ ಮೊದಲು ‘ಟು’ ಇಟ್ಟು ಸೂಚಿಸುವುದು, ‘ಎ’ ಮತ್ತು ‘ದಿ’ಗಳನ್ನು ಬಿಡುವುದು, ಟೀಕಿಸಿದರು ಎನ್ನಲು ‘ಸ್ಲ್ಯಾಮ್’, ತನಿಖೆಗೆ ‘ಪ್ರೋಬ್’, ಯತ್ನಕ್ಕೆ ‘ಬಿಡ್’ ಎಂಬ ಗಿಡ್ಡ ಪದಗಳನ್ನು ಬಳಸುವುದು ಇವೆಲ್ಲ ಶಾಲೆಯ ವ್ಯಾಕರಣ ಪುಸ್ತಕಗಳಲ್ಲಿ ಸಿಗುವುದಿಲ್ಲ. ಈ ಗುಟ್ಟು ತಿಳಿದ ಮೇಲೆ ಇಂಗ್ಲಿಷ್ ಪತ್ರಿಕೆಯ ಮೊದಲ ಪುಟದ ಭಯ ನನಗೆ ಅರ್ಧಕ್ಕರ್ಧ ಕಡಿಮೆಯಾಯಿತು.

ಸುದ್ದಿಯೊಡನೆ ಬಂದ ಪದ ಮರೆಯುವುದಿಲ್ಲ ಎಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. 2019ರ ಜುಲೈ 23ರಂದು ವಿಧಾನಸಭೆಯಲ್ಲಿ 99–105 ಮತಗಳಿಂದ ಸಮ್ಮಿಶ್ರ ಸರ್ಕಾರ ಬಿದ್ದಾಗ, ಅದಕ್ಕೂ ಮೊದಲಿನ ವಾರಗಳಲ್ಲಿ ‘ವಿಪ್’, ‘ಫ್ಲೋರ್ ಟೆಸ್ಟ್’, ‘ಟ್ರಸ್ಟ್ ವೋಟ್’ ಎಂಬ ಪದಗಳನ್ನು ಚಹಾದ ಅಂಗಡಿಯಲ್ಲಿಯೂ ಜನರು ತಪ್ಪಿಲ್ಲದೆ ಆಡುತ್ತಿದ್ದರು. ಅವುಗಳನ್ನು ಯಾರೂ ಕಂಠಪಾಠ ಮಾಡಿರಲಿಲ್ಲ.

ಆದರೂ ಈ ಸೇವೆಯೊಂದನ್ನೇ ನೆಚ್ಚಿಕೊಂಡರೆ ಸಾಲದು. ಅದರ ಸಂಸ್ಕೃತಿ ಬ್ರಿಟನ್ನಿನದು, ಅದರ ಉದಾಹರಣೆಗಳೂ ಬಹುಮಟ್ಟಿಗೆ ಅಲ್ಲಿಯವೇ. 2020ರಲ್ಲಿ ಬ್ರಿಟನ್ನಿನ ಸುದ್ದಿಗಳಲ್ಲಿ ‘ಫರ್ಲೋ’ ಎಂದರೆ ಕೊರೊನಾ ಕಾರಣದಿಂದ ಕೆಲಸವಿಲ್ಲದೆ ಮನೆಯಲ್ಲಿದ್ದ ನೌಕರರಿಗೆ ಸರ್ಕಾರದ ನೆರವಿನಿಂದ ಸಂಬಳ ಸಿಗುತ್ತಿದ್ದ ರಜೆಯಾಗಿತ್ತು, ಆದರೆ ನಮ್ಮ ಪತ್ರಿಕೆಗಳಲ್ಲಿ ಅದೇ ಪದ ಸಾಮಾನ್ಯವಾಗಿ ಜೈಲಿನ ಕೈದಿಗೆ ಸಿಗುವ ತಾತ್ಕಾಲಿಕ ಬಿಡುಗಡೆಯನ್ನು ಸೂಚಿಸುತ್ತದೆ. ಒಂದನ್ನು ಮಾತ್ರ ಕಲಿತವರಿಗೆ ಇನ್ನೊಂದು ಸುದ್ದಿ ಅರ್ಥವಾಗದು. ಹೀಗಾಗಿ ಇಲ್ಲಿ ಕಲಿತ ಪದವನ್ನು ಆಕಾಶವಾಣಿಯ ಇಂಗ್ಲಿಷ್ ವಾರ್ತೆಯಲ್ಲಿಯೋ ನಮ್ಮ ದಿನಪತ್ರಿಕೆಯಲ್ಲಿಯೋ ಹುಡುಕಿ ನೋಡುವುದು ಅಗತ್ಯ. ಅರ್ಥ ವಿವರಣೆಯೂ ಇಂಗ್ಲಿಷಿನಲ್ಲಿಯೇ ಇರುವುದರಿಂದ ಹೊಸದಾಗಿ ಕಲಿಯುವವರಿಗೆ ಇದು ಕಷ್ಟವಾಗುತ್ತದೆ. ಅಂಥವರು ಸುಮಾರು 1,500 ಮೂಲ ಪದಗಳ ಮಿತಿಯಲ್ಲಿ ಸುದ್ದಿಯನ್ನು ನಿಧಾನವಾಗಿ ಓದುವ ಪದ್ಧತಿಯನ್ನು 1959ರಲ್ಲಿಯೇ ಆರಂಭಿಸಿದ ವಾಯ್ಸ್ ಆಫ್ ಅಮೆರಿಕದ ಹಳೆಯ ಪಾಠಗಳಿಂದ ತೊಡಗುವುದು ಒಳ್ಳೆಯದು.

ನಾನು ಮೊದಲ ಸಲ ಪಠ್ಯವನ್ನು ನೋಡದೆ ಕೇಳುತ್ತೇನೆ, ಎರಡನೆಯ ಸಲ ಪಠ್ಯವನ್ನು ಎದುರಿಗಿಟ್ಟುಕೊಂಡು ಕೇಳುತ್ತೇನೆ. ಪಠ್ಯವು ಪದಶಃ ಪ್ರತಿಯಲ್ಲ ಎಂದು ಅದರಲ್ಲಿಯೇ ಮುದ್ರಿಸಿರುತ್ತಾರೆ, ಆದ್ದರಿಂದ ಕೇಳಿದ್ದಕ್ಕೂ ಓದಿದ್ದಕ್ಕೂ ವ್ಯತ್ಯಾಸ ಕಂಡರೆ ಕಿವಿಯನ್ನು ನಂಬಬೇಕು. ಆಮೇಲೆ ನೋಟ್‌ಬುಕ್ಕಿನ ಎಡಪುಟದಲ್ಲಿ ಪದವನ್ನೂ ಅದಕ್ಕೆ ಹೊಂದುವ ಕನ್ನಡ ಮಾತನ್ನೂ, ಬಲಪುಟದಲ್ಲಿ ನಮ್ಮ ಕಡೆಯ ಸುದ್ದಿಯೊಂದರ ಬಗ್ಗೆ ನನ್ನದೇ ವಾಕ್ಯವನ್ನೂ ಬರೆಯುತ್ತೇನೆ. ‘ಮರೂನ್ಡ್’ ಪದಕ್ಕೆ ನಿಘಂಟಿನಲ್ಲಿದ್ದ ಉದ್ದನೆಯ ವಿವರಣೆಯನ್ನು ಬರೆದು, ತೃಪ್ತಿಯಾಗದೆ ಹೊಡೆದುಹಾಕಿದ್ದೆ. ಅಲ್ಲಿಯವರೆಗೆ ‘ಮರೂನ್’ ಎಂದರೆ ನನಗೆ ಸೀರೆಯ ಬಣ್ಣ ಮಾತ್ರ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಿಗೆ ನೆರೆ ಬಂದಾಗಿನ ಸುದ್ದಿ ನೆನಪಾಗಿ, ನೀರು ಸುತ್ತುವರಿದ ಊರನ್ನು ನಮ್ಮ ಪತ್ರಿಕೆಗಳು ‘ನಡುಗಡ್ಡೆಯಾದ ಗ್ರಾಮ’ ಎನ್ನುವುದು ಹೊಳೆಯಿತು. ನಿಘಂಟು ಒಂದು ಸಾಲಿನಲ್ಲಿ ಹೇಳಿದ್ದನ್ನು ಕನ್ನಡ ಒಂದೇ ಪದದಲ್ಲಿ ಹೇಳಿತ್ತು. ಆ ಪುಟವನ್ನು ನೋಡಿದ ಕೋಣೆಯ ಗೆಳೆಯರಿಬ್ಬರು ಅಂದಿನಿಂದ ತಾವೂ ನೋಟ್‌ಬುಕ್ ಇಟ್ಟಿದ್ದಾರೆ.

ಪಾಠಗಳಿಗೆ ಶುಲ್ಕವಿಲ್ಲ, ಧ್ವನಿ ಮತ್ತು ಪಠ್ಯ ಎರಡನ್ನೂ ಇಳಿಸಿಕೊಳ್ಳಬಹುದು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕೇಳಿದ ಪದವನ್ನು ಬಾಯಿಗೆ ತರಿಸುವ ವ್ಯವಸ್ಥೆ ಕೇಳುವ ಪಾಠದಲ್ಲಿ ಇರಲಾರದು, ಆ ಒಂದು ಅಂಕ ಅದಕ್ಕಾಗಿ ಉಳಿದಿದೆ. ಈಗ ನಾವು ಮೂವರು ರಾತ್ರಿ ಊಟದ ನಂತರ, ಆ ದಿನದ ಆರು ಪದಗಳನ್ನು ಬಳಸಿ, ಹತ್ತು ನಿಮಿಷ ಇಂಗ್ಲಿಷಿನಲ್ಲಿಯೇ ಮಾತನಾಡುತ್ತೇವೆ.