ಕಾರಿನ ಬೀಡಿಂಗ್ ಕೀಳ್ಲಿಕ್ಕೆ ತಗೊಂಡ ಸಾಮಾನು: ಯಾವುದು ಕೆಲಸಕ್ಕೆ ಬಂತು, ಯಾವುದು ದಂಡ

ಬೀಡಿಂಗ್ ಅಂದ್ರೆ ಕಾರಿನ ಬಾಗಿಲಿನ ಹೊರಗೆ ಉದ್ದಕ್ಕೆ ಅಂಟಿಸುವ ಪಟ್ಟಿ. ಮೊದ್ಲೇ ಹೇಳಿಬಿಡ್ತೇನೆ, ಆನ್‌ಲೈನಲ್ಲಿ 350 ರೂಪಾಯಿ ಕೊಟ್ಟು ತರಿಸಿದ ಪ್ಲಾಸ್ಟಿಕ್ ಕಿಟ್ ಈ ಕೆಲಸಕ್ಕೆ ದಂಡ, ಬಂದರಿನ ಅಂಗಡಿಯಿಂದ 40 ರೂಪಾಯಿಗೆ ತಂದ ಗಾಳದ ನೈಲಾನ್ ದಾರ ಬಂಗಾರ, ಮತ್ತೆ ಡ್ರಿಲ್ಲಿಗೆ ಹಾಕುವ ರಬ್ಬರ್ ವೀಲ್ ಉಂಟಲ್ಲ ಅದು ಒಳ್ಳೇದೇ ಆದ್ರೆ ಕೈ ಹಿಡಿತದಲ್ಲಿರ್ಬೇಕು. ಅರ್ಜೆಂಟಿದ್ದವರು ಇಷ್ಟು ಓದಿ ಹೋಗ್ಬಹುದು.

ನಂದು ಕೆಂಪು ಸ್ವಿಫ್ಟ್, 2015ರದ್ದು, ಸೆಕೆಂಡ್ ಹ್ಯಾಂಡ್. ಹಿಂದಿನ ಓನರಿಗೆ ಕಾರಿಗೆ ಒಡವೆ ತೊಡಿಸುವ ಆಸೆ ಒಂಚೂರು ಜಾಸ್ತಿ ಇತ್ತು ಕಾಣ್ತದೆ, ನಾಲ್ಕು ಬಾಗಿಲಿಗೂ ಕ್ರೋಮ್ ಗೆರೆ ಇರುವ ದಪ್ಪ ಬೀಡಿಂಗ್, ಡಿಕ್ಕಿಗೊಂದು ಕ್ರೋಮ್ ಪಟ್ಟಿ. ಸುರತ್ಕಲಲ್ಲಿ ಕಡಲ ಗಾಳಿಗೆ ಆ ಕ್ರೋಮ್ ಎಷ್ಟು ದಿನ ಬರ್ತದೆ ಹೇಳಿ, ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆ ಆಗಿ ಬಟ್ಟೆಗೆ ಸಿಕ್ಕಿಕೊಳ್ಳುದು. ಬೀಡಿಂಗಿನ ಮೇಲಂಚಲ್ಲಿ ಮಣ್ಣು ಕೂತು ಹೋದ ಮಳೆಗಾಲದಲ್ಲಿ ಪಾಚಿ ಬೇರೆ ಬೆಳೆದಿತ್ತು. ಸುಳ್ಳಲ್ಲ ಮಾರಾಯ್ರೆ, ಬಾವಿಕಟ್ಟೆಗೆ ಬೆಳೆದ ಹಾಗೆ ಹಸಿರು ಪಾಚಿ.

ಮೊದಲು ಹೈವೇ ಬದಿಯ ಒಂದು ಆಕ್ಸೆಸರಿ ಅಂಗಡಿಗೆ ಹೋದೆ, ಹೆಸರು ಬೇಡ. "ಎರಡು ನಿಮಿಷದ ಕೆಲಸ ಸರ್" ಅಂತ ಹುಡುಗ ಸೀದಾ ಸ್ಕ್ರೂ ಡ್ರೈವರ್ ತಂದು ಮುಂದಿನ ಎಡಬಾಗಿಲಿನ ಬೀಡಿಂಗ್ ಮೂಲೆಗೆ ತೂರಿಸಿಯೇ ಬಿಟ್ಟ, ನಾನು "ಏ ಏ" ಅನ್ನುದರೊಳಗೆ ಒಂದು ಇಂಚು ಗೀರು, ಬಣ್ಣ ಹೋಗಿ ಒಳಗಿನ ಪ್ರೈಮರ್ ಕಾಣುವಷ್ಟು. "ಟಚಪ್ ಹಚ್ಚಿದ್ರೆ ಗೊತ್ತಾಗುದಿಲ್ಲ" ಅಂದ. ಮಂಡೆಬಿಸಿ ಆಗಿ ವಾಪಸ್ ಬಂದೆ, ಇನ್ನು ನಾನೇ ಮಾಡುದು ಅಂತ.

ಕಿಟ್ ತರಿಸಿದ್ದು ಆಮೇಲೆ. ಐದು ಪೀಸ್, ನೈಲಾನಿನ ಸಟ್ಟುಗದ ಹಾಗೆ ಉಂಟು ಒಂದೊಂದು. ಕೆಟ್ಟ ಸಾಮಾನು ಅಂತ ಹೇಳುದಿಲ್ಲ ನಾನು, ಡೋರ್ ಪ್ಯಾಡ್ ಬಿಚ್ಚಲಿಕ್ಕೆ, ಒಳಗಿನ ಕ್ಲಿಪ್ ಎಬ್ಬಿಸ್ಲಿಕ್ಕೆ ಚೆಂದ ಆಗ್ತದೆ, ಮ್ಯೂಸಿಕ್ ಸಿಸ್ಟಮ್ ಹಾಕುವವರತ್ರ ಅದೇ ಇರುದು. ಆದ್ರೆ ಅಂಟಿಸಿದ ಬೀಡಿಂಗಿಗೆ ಅದ್ರ ಮೂತಿ ತುಂಬಾ ದಪ್ಪ, ಸಂದಿಗೆ ಹೋಗುದೇ ಇಲ್ಲ, ಒತ್ತಿ ಹಾಕಿದ್ರೆ ಬಾಗಿಲಿನ ತಗಡು ಒಳಗೆ ಹೋಗ್ತದೆ. ಪ್ಲಾಸ್ಟಿಕ್ ಅಂತ ಗೀರು ಬೀಳುದಿಲ್ಲ ಅಂತಾನೂ ಇಲ್ಲ, ಕೆಳಗೆ ಒಂದು ಕಾಳು ಮರಳು ಇದ್ರೆ ಮುಗೀತು ಕತೆ. ಈ ಕೆಲಸಕ್ಕೆ ಐದರಲ್ಲಿ ಒಂದೂವರೆ ಸ್ಟಾರ್.

ಇಲ್ಲಿ ವಿಷಯ ಎಂತ ಹೇಳಿದ್ರೆ, ಬೀಡಿಂಗ್ ಹಿಂದೆ ಇರುದು ಬರೀ ಗಮ್ಮಲ್ಲ, ಎರಡೂ ಕಡೆ ಅಂಟಿರುವ ಫೋಮ್ ಟೇಪ್. ತ್ರೀಎಂ ಕಂಪನಿಯವರ ವಿಎಚ್‌ಬಿ ಅಂತ ಬರ್ತದಲ್ಲ, 1980ರಿಂದ ಮಾರ್ಕೆಟಲ್ಲಿ ಇರುವಂತದ್ದು, ಆ ಜಾತಿಯದ್ದು. ಎಳೆದ್ರೆ ರಬ್ಬರಿನ ಹಾಗೆ ಎಳೆಯುತ್ತಾ ಹೋಗ್ತದೆ, ಬಿಡುದಿಲ್ಲ. ಅದನ್ನು ಪೈಂಟಿಂದ ಎಬ್ಬಿಸ್ಲಿಕ್ಕೆ ಹೋಗುದೇ ತಪ್ಪು, ನಡುವಿನ ಫೋಮನ್ನು ಕೊಯ್ಯಬೇಕು, ಅರ್ಧ ಬೀಡಿಂಗಲ್ಲಿ ಅರ್ಧ ಬಾಗಿಲಲ್ಲಿ ಉಳಿಯುವ ಹಾಗೆ. ಇದು ನಂಗೆ ತಲೆಗೆ ಹೋದದ್ದು ಪಕ್ಕದ ಮನೆ ಅಣ್ಣನಿಂದ. ಭಾನುವಾರ ಬಂತು ಹೇಳಿದ್ರೆ ಗಾಳ ಹಿಡ್ಕೊಂಡು ಕಡಲಿಗೆ ಹೋಗುವ ಜನ ಅವರು, ನಾನು ಕಿಟ್ಟಲ್ಲಿ ಗುದ್ದಾಡುದು ನೋಡಿ "ಎಂತ ಸಾವು ಮಾರಾಯ ಅದು, ಗಾಳದ ದಾರದಲ್ಲಿ ಕೊಯ್ಯುದಲ್ವಾ" ಅಂದ್ರು.

ಸರಿ, ಮೀನು ತರ್ಲಿಕ್ಕೆ ಬಂದರಿಗೆ ಹೋದಾಗ ಅಲ್ಲೇ ಒಂದು ಸುತ್ತು ದಾರ ತಗೊಂಡೆ. ತೀರಾ ಸಪೂರದ್ದು ಬೇಡ, ಎರಡು ಎಳೆತಕ್ಕೆ ಕಡೀತದೆ, ದಪ್ಪದ್ದೂ ಬೇಡ, ಸಂದಿಗೆ ಹೋಗುದಿಲ್ಲ, ನಾನು ತಂದದ್ದು ಸುಮಾರು ಅರ್ಧ ಮಿಲಿಮೀಟರಿಂದು. ಬರಿಕೈಗೆ ಸುತ್ತಿಕೊಂಡು ಎಳೆದ್ರೆ ಬೆರಳು ಕೊಯ್ದು ಹೋಗ್ತದೆ, ನಂದು ಹೋಗಿತ್ತು, ಆಮೇಲೆ ಹಳೇ ಹಿಡಿಸೂಡಿಯ ಕೋಲು ಎರಡು ತುಂಡು ಮಾಡಿ ದಾರದ ಎರಡೂ ತುದಿಗೆ ಕಟ್ಟಿದೆ.

ಮೊದಲು ಬಾಗಿಲು ಚೆನ್ನಾಗಿ ತೊಳೀಬೇಕು, ಅದ್ರಲ್ಲೂ ಬೀಡಿಂಗಿನ ಸಂದಿ, ಹಲ್ಲುಜ್ಜುವ ಬ್ರಶ್ ಹಾಕಿ ಮರಳೆಲ್ಲ ಹೋಗುವ ಹಾಗೆ. ಮರಳು ಉಳಿದ್ರೆ ದಾರವೇ ಗರಗಸ. ಮೇಲೆ ಕೆಳಗೆ ಮಾಸ್ಕಿಂಗ್ ಟೇಪ್ ಹಚ್ಚಿದೆ. ಮತ್ತೆ ಹೆಂಡತಿಯ ಹೇರ್ ಡ್ರೈಯರ್, ಒಂದಡಿ ಉದ್ದಕ್ಕೆ ಎರಡು ಮೂರು ನಿಮಿಷ ಆಚೆ ಈಚೆ ಆಡಿಸ್ತಾ, ಕೈ ಇಟ್ರೆ ಚುರ್ ಅನ್ನಬೇಕು ಆದ್ರೆ ಎರಡು ಸೆಕೆಂಡ್ ಇಡ್ಲಿಕ್ಕೆ ಆಗ್ಬೇಕು, ಅಷ್ಟೇ ಬಿಸಿ. ಹೀಟ್ ಗನ್ ಬೇಡ ಅಂತ ನನ್ನ ಅಭಿಪ್ರಾಯ, ಅದು 500 ಡಿಗ್ರಿ ದಾಟ್ತದೆ, ಒಂದು ಫೋನ್ ಕಾಲ್ ಬಂದ್ರೆ ಸಾಕು ಪೈಂಟ್ ಗುಳ್ಳೆ. ಇದು ಮೇ ತಿಂಗಳು ಬೇರೆ, ಮಧ್ಯಾಹ್ನ ಅಂಗಳದಲ್ಲಿ ಬಿಸಿಲಿಗೆ ನಿಂತ ಕಾರಿಗೆ ಅರ್ಧ ಕೆಲಸ ಸೂರ್ಯನೇ ಮಾಡಿ ಕೊಟ್ಟಿದ್ದ.

ಆಮೇಲೆ ದಾರವನ್ನು ಮೇಲಿನ ಮೂಲೆಯಿಂದ ಹಿಂದೆ ಇಳಿಸಿ ಗರಗಸದ ಹಾಗೆ ಆಚೆ ಈಚೆ, ದಾರ ಆದಷ್ಟು ಬೀಡಿಂಗಿಗೇ ತಾಗಿ ಹೋಗುವ ಹಾಗೆ. ಮೊದಲ ನಾಲ್ಕು ಇಂಚು ಎಂತದೂ ಆಗುದಿಲ್ಲ ಅಂತ ಕಾಣ್ತದೆ, ಮತ್ತೆ ಒಮ್ಮೆಲೇ ಬೆಣ್ಣೆ ಕೊಯ್ದ ಹಾಗೆ ಹೋಗ್ತದೆ. ಒಂದು ಬಾಗಿಲಿಗೆ 20 ನಿಮಿಷ. ದಾರ ಎಲ್ಲಾದ್ರೂ ಗಟ್ಟಿಯಾಗಿ ಸಿಕ್ಕಿಕೊಂಡ್ರೆ ಒತ್ತಾಯ ಮಾಡ್ಬೇಡಿ, ಕೆಲವು ಪಟ್ಟಿಗೆ, ಲೋಗೋಗೆ ಹಿಂದೆ ಪಿನ್ನೂ ಇರ್ತದೆ, ತಗಡಿನ ತೂತಿಗೆ ಕೂತದ್ದು, ಅದು ತೆಗೆದ್ರೆ ತೂತು ಕಾಣ್ತದೆ. ದಾರಕ್ಕೆ ಐದಕ್ಕೆ ಐದು, ಅಣ್ಣನಿಗೆ ಒಂದು ಕಿಲೋ ಬಂಗುಡೆ.

ಈಗ ಬಾಗಿಲಲ್ಲಿ ಉಳಿದ ಫೋಮು. ಅಮ್ಮ ಜಗಲಿಯಿಂದಲೇ "ಹಲಸಿನ ಮೇಣಕ್ಕೆ ತೆಂಗಿನೆಣ್ಣೆ ಹಾಕುದಿಲ್ವಾ, ಅದೇ ಹಾಕು" ಅಂದ್ರು. ಹಾಕಿ ನೋಡಿದೆ, ಸ್ವಲ್ಪ ಮೆತ್ತಗಾಯ್ತು ಅಷ್ಟೆ. ಥಿನ್ನರ್ ಮಾತ್ರ ಯಾರು ಹೇಳಿದ್ರೂ ಹಾಕ್ಬೇಡಿ, ಗಮ್ ಜೊತೆಗೆ ಬಣ್ಣವೂ ಬರುವ ಚಾನ್ಸ್ ಉಂಟು. ಹಾಗಾಗಿ ರಬ್ಬರ್ ವೀಲ್. ಶಾಲೆಯಲ್ಲಿ ಪೆನ್ಸಿಲ್ ಅಳಿಸುವ ರಬ್ಬರ್ ಉಂಟಲ್ಲ, ಅದನ್ನೇ ನಾಲ್ಕು ಇಂಚಿನ ಚಕ್ರ ಮಾಡಿ ಡ್ರಿಲ್ಲಿಗೆ ಹಾಕಿದ ಹಾಗೆ. ನಂಗೆ ಬಿದ್ದದ್ದು 480 ರೂಪಾಯಿ, ಲೋಕಲ್ ಬ್ರಾಂಡು. ಇಂತಹ ವೀಲಿಗೆ ಸ್ಪೀಡ್ ಲಿಮಿಟ್ ಇರ್ತದೆ, ನಂದ್ರಲ್ಲಿ ನಿಮಿಷಕ್ಕೆ 4000 ಸುತ್ತು ಅಂತ ಬರೆದಿತ್ತು. ನನ್ನ ಡ್ರಿಲ್ ಅದ್ರ ಅರ್ಧವೂ ಹೋಗುದಿಲ್ಲ, ಒಳ್ಳೇದೇ ಆಯ್ತು. ಒಬ್ಬ ಫ್ರೆಂಡ್ "ಗ್ರೈಂಡರಿಗೆ ಹಾಕು ಬೇಗ ಆಗ್ತದೆ" ಅಂದ, ಆ ಗ್ರೈಂಡರ್ 11000 ಸುತ್ತು ತಿರುಗ್ತದೆ, ವೀಲ್ ಹಾರಿ ಮೋರೆಗೆ ಬಂದ್ರೆ ಬೇಗ ಆಗುದು ಬೇರೆಯೇ.

ವೀಲ್ ಇಟ್ಟ ಕೂಡ್ಲೇ ಗಮ್ ಉಂಡೆ ಉಂಡೆಯಾಗಿ ಉದುರ್ಲಿಕ್ಕೆ ಶುರು, ಕೆಳಗೆ ಕಪ್ಪು ಶ್ಯಾವಿಗೆ ಚೂರಿನ ಹಾಗೆ ರಾಶಿ, ನೋಡ್ಲಿಕ್ಕೇ ಒಂದು ಖುಷಿ. ಆದ್ರೆ ಒಂದೇ ಕಡೆ ಒತ್ತಿ ಹಿಡಿದ್ರೆ ಬಿಸಿಗೆ ಪೈಂಟ್ ಸುಡ್ತದೆ, ನಂದು ಒಂದು ಕಡೆ ಕಾಸಿನಗಲ ಮಂಕಾಯ್ತು, ಪಾಲಿಶಿಗೆ ಹೋಯ್ತು ಪುಣ್ಯಕ್ಕೆ. ಕನ್ನಡಕ, ಮಾಸ್ಕ್ ಹಾಕ್ಲೇಬೇಕು, ಮೂಗೊಳಗೆಲ್ಲ ರಬ್ಬರ್ ಹುಡಿ. ಬಣ್ಣ ಇಲ್ಲದ ಪ್ಲಾಸ್ಟಿಕ್ ಬಂಪರಿಗೆ ತಾಗಿಸ್ಲೇಬೇಡಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಸಮ ನೀರು ಹಾಕಿ ಒರೆಸಿದೆ, ಆಯ್ತು. ವೀಲಿಗೆ ನಾಲ್ಕು.

ಬೀಡಿಂಗ್ ಇದ್ದ ಜಾಗದಲ್ಲಿ ಕೆಂಪು ಗಾಢವಾಗಿ ಹೊಸದರ ಹಾಗೆ, ಸುತ್ತ ಬಿಸಿಲಿಗೆ ಮಾಸಿದ ಕೆಂಪು, ವಾಚ್ ಬಿಚ್ಚಿದ ಕೈಯ ಹಾಗೆ ಗುರುತು. ಪಾಲಿಶ್ ಹಾಕಿದ್ರೆ ಮುಕ್ಕಾಲು ಹೋಗ್ತದೆ, ಪೂರ್ತಿ ಹೋಗುದಿಲ್ಲ, ಕೆಂಪು ಕಾರಿನವರು ಇದಕ್ಕೆ ತಯಾರಾಗಿಯೇ ಇಳೀರಿ.

ಹೀಗೆ ಮೂರು ಬಾಗಿಲು ಸುಸೂತ್ರ. ನಾಲ್ಕನೆಯದ್ದು, ಹಿಂದಿನ ಬಲಬಾಗಿಲು, ಅದಕ್ಕೂ ಅದೇ ಬಿಸಿ ಅದೇ ದಾರ, ಬೀಡಿಂಗ್ ಬಂತು, ಫೋಮಿನ ತುದಿ ಬೆರಳಲ್ಲಿ ಸ್ವಲ್ಪ ಎಳೆದೆ ನೋಡಿ, ಫೋಮ್ ಜೊತೆ ಬಣ್ಣವೂ ಹಪ್ಪಳದ ಹಾಗೆ ಎದ್ದು ಬಂತು, ಅಂಗೈಯಗಲ. ಕೆಳಗೆ ಬೂದು ಪುಟ್ಟಿ, ತಗ್ಗು ತುಂಬಿಸ್ಲಿಕ್ಕೆ ಮೆತ್ತುವಂತದ್ದು. ಅಂದ್ರೆ ಈ ಬಾಗಿಲು ಯಾವಾಗಲೋ ಗುದ್ದಿ, ಪುಟ್ಟಿ ಹಾಕಿ, ಪೈಂಟ್ ಮಾಡಿದ್ದು. ಫ್ಯಾಕ್ಟರಿಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸ್ತಾರೆ, ಗ್ಯಾರೇಜಲ್ಲಿ ಒಳ್ಳೆ ಬೂತ್ (ಪೈಂಟ್ ಒಣಗಿಸುವ ಬಿಸಿ ಕೋಣೆ) ಇದ್ರೂ 60, ಬೂತ್ ಇಲ್ಲದ್ರೆ ಗಾಳಿಗೆ ಒಣಗಿಸುದು, ಕೆಳಗೆ ಸರಿಯಾಗಿ ಉಜ್ಜದೆ ಹೊಡೆದ್ರೆ ಟೇಪಿನ ಹಿಡಿತ ಬಣ್ಣದ ಹಿಡಿತಕ್ಕಿಂತ ಜಾಸ್ತಿ ಆಗ್ತದೆ. ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ ತಂದು ಇಟ್ಟೆ, ಬೇರೆ ಮೂರು ಬಾಗಿಲಿಗೆ ಟಪ್ ಅಂತ ಹಿಡೀತು, ಇದರ ನಡುವಿಗೆ ಇಟ್ರೆ ಜಾರಿ ಕೆಳಗೆ ಬಿತ್ತು, ನಡುವೆ ದಪ್ಪ ಪುಟ್ಟಿ ಇದ್ರೆ ಒಳಗಿನ ತಗಡನ್ನು ಅದು ಹಿಡಿಯುದಿಲ್ಲ. ಈ ಪರೀಕ್ಷೆ ಮೊದಲೇ ಮಾಡ್ಬೇಕಿತ್ತು, ನೀವು ಮಾಡಿ. ಕಾರು ಕೊಡಿಸಿದವನಿಗೆ ಫೋನ್ ಮಾಡಿದ್ರೆ "ನಾನ್ ಆಕ್ಸಿಡೆಂಟ್ ಗಾಡಿ ಸರ್ ಅದು, ನೀವು ಬೀಡಿಂಗ್ ಯಾಕೆ ತೆಗೆದ್ರಿ" ಅಂತ ನಂಗೇ ಕೇಳ್ತಾನೆ.

ಪೈಂಟರ್ ಹತ್ರ ಹೋಗುವಾಗ ಜೂನ್ ಬಂದಾಗಿತ್ತು. ಈ ತೇವಕ್ಕೆ ಬಣ್ಣ ಹೊಡೆದ್ರೆ ಬಿಳಿಚಿಕೊಳ್ತದೆ, ಮಳೆ ನಿಂತ ಮೇಲೆ ಬನ್ನಿ ಅಂದ, ಕೆಲಸ ಬಿಡದ ಆಸಾಮಿ ಹಾಗೆ ಹೇಳಿದ್ದಕ್ಕೆ ನಂಗೆ ಅವನ ಮೇಲೆ ನಂಬಿಕೆ ಬಂತು. ತುಕ್ಕು ಹಿಡೀಬಾರ್ದು ಅಂತ ಅಲ್ಲಿಯವರೆಗೆ ಪ್ರೈಮರ್ ಬಳಿದು ಕೊಟ್ಟಿದ್ದಾನೆ. ಕೆಂಪು ಸ್ವಿಫ್ಟ್, ಹಿಂದಿನ ಬಾಗಿಲಲ್ಲಿ ಬೂದು ತೇಪೆ, ಸುರತ್ಕಲ್ ಕಡೆ ಕಂಡ್ರೆ ಅದು ನಾನೇ.