ತುಮಕೂರಿನ ಐವಿಎಫ್ ಕೇಂದ್ರ: ಸಮಾಲೋಚನೆ ಉತ್ತಮ, ಯಶಸ್ಸಿನ ಲೆಕ್ಕ ಅಸ್ಪಷ್ಟ

ತುಮಕೂರು ನಗರದಲ್ಲಿ ನಾನು ಮತ್ತು ನನ್ನ ಪತಿ ಚಿಕಿತ್ಸೆ ಪಡೆದ ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಕೇಂದ್ರದ ಸೇವೆಯ ಕುರಿತು ಇಲ್ಲಿ ಬರೆಯುತ್ತಿದ್ದೇನೆ. ದಿನವೂ ಚುಚ್ಚುಮದ್ದು, ನಡುನಡುವೆ ಸ್ಕ್ಯಾನ್ ಬೇಡುವ ಈ ಚಿಕಿತ್ಸೆ ಬೆಂಗಳೂರಿಗೆ ಓಡಾಡದೆ ಊರಿನಲ್ಲೇ ಸಿಗುವುದು ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ದೊಡ್ಡ ಅನುಕೂಲ.

ಇಂಥ ಚಿಕಿತ್ಸಾ ಕೇಂದ್ರಗಳನ್ನು ನಿಯಂತ್ರಿಸುವ 2021ರ ಕೇಂದ್ರ ಕಾಯ್ದೆಯಡಿ ಪಡೆದ ನೋಂದಣಿ ಪ್ರಮಾಣಪತ್ರವನ್ನು ನೋಂದಣಿ ಕೌಂಟರಿನ ಹಿಂದೆ, ಎಲ್ಲರಿಗೂ ಕಾಣುವಂತೆ ತೂಗುಹಾಕಿದ್ದಾರೆ. ಈ ಚಿಕಿತ್ಸೆಗೆ ಹೆಣ್ಣಿನ ವಯಸ್ಸು 21ರಿಂದ 50, ಗಂಡಿನ ವಯಸ್ಸು 21ರಿಂದ 55ರೊಳಗೆ ಇರಬೇಕು, ಅಂಡಾಣು ದಾನ ಮಾಡುವವರು 23ರಿಂದ 35 ವರ್ಷದವರಾಗಿರಬೇಕು, ಅದೂ ಜೀವನದಲ್ಲಿ ಒಮ್ಮೆ ಮಾತ್ರ ಎಂಬುದನ್ನು ಆಪ್ತಸಮಾಲೋಚಕಿ ನಿಧಾನವಾಗಿ ತಿಳಿಸಿದರು. ಜರ್ಮನಿಯಲ್ಲಿ 1990ರ ಭ್ರೂಣ ಸಂರಕ್ಷಣಾ ಕಾಯ್ದೆಯಿಂದಾಗಿ ಅಂಡಾಣು ದಾನಕ್ಕೇ ಅವಕಾಶವಿಲ್ಲ. ಬ್ರಿಟನ್ನಿನಲ್ಲಿ ಅವಕಾಶವಿದ್ದರೂ 2005ರ ಏಪ್ರಿಲ್ ನಂತರ ದಾನ ಮಾಡಿದವರ ಗುರುತನ್ನು, ಆ ದಾನದಿಂದ ಹುಟ್ಟಿದ ಮಗು 18 ತುಂಬಿದ ಮೇಲೆ ಕೇಳಿ ಪಡೆಯಬಹುದು. ನಮ್ಮಲ್ಲಿ ದಾನಿಯ ವಿವರ ಗೌಪ್ಯವಾಗಿಯೇ ಉಳಿಯುತ್ತದೆ. ಮಗುವಿನ ಹಕ್ಕನ್ನು ನೆನೆದರೆ ಬ್ರಿಟನ್ನಿನ ಕ್ರಮವೇ ನನಗೆ ಸರಿಯೆನಿಸುತ್ತದೆ.

ಜೊತೆಯಲ್ಲಿ ಬಂದಿದ್ದ ನಮ್ಮ ಅತ್ತೆಯವರು, "ಗಂಡು ಮಗುವೇ ಆಗೋ ಹಾಗೆ ಮಾಡ್ಕೊಡ್ತೀರೇನಮ್ಮಾ?" ಎಂದು ಕೇಳಿಬಿಟ್ಟರು. ಆಪ್ತಸಮಾಲೋಚಕಿ ಸಿಡುಕದೆ, "ಇಲ್ಲಮ್ಮಾ, ಅದು ಅಪರಾಧ, ಯಾರು ಮಾಡಿದ್ರೂ ಶಿಕ್ಷೆಯಿದೆ" ಎಂದು ಹೇಳಿ, ಲಿಂಗಪತ್ತೆ ನಿಷೇಧದ ಫಲಕವನ್ನು ಓದಿ ತೋರಿಸಿದರು. ಅಮೆರಿಕದ ಹಲವು ಕೇಂದ್ರಗಳು ಇದನ್ನೇ ಹಣ ಪಡೆದು ಮಾಡಿಕೊಡುತ್ತವೆ. ಈ ವಿಷಯದಲ್ಲಿ ನಮ್ಮ ಕಾನೂನಿನ ಬಿಗಿ ಒಳ್ಳೆಯದೇ.

ಕೊರತೆ ಎರಡು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಕೇಳಿದ ಮೇಲೆ ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಿದರೆಂಬುದು ನಿಜ, ಆದರೆ ಕೇಳಲು ಹಿಂಜರಿಯುವವರು ಏನೂ ತಿಳಿಯದೆ ಸಹಿ ಹಾಕಿಬಿಡುತ್ತಾರೆ. ಎರಡನೆಯದು ಇನ್ನೂ ಗಂಭೀರವಾದದ್ದು: ಅವರ ಕರಪತ್ರದಲ್ಲಿ ಯಶಸ್ಸಿನ ಪ್ರಮಾಣವನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿದ್ದಾರೆ, ಆದರೆ ಅದು ಗರ್ಭ ನಿಂತವರ ಲೆಕ್ಕವೋ, ಮಗುವನ್ನು ಎತ್ತಿಕೊಂಡು ಮನೆಗೆ ಹೋದವರ ಲೆಕ್ಕವೋ, ಯಾವ ವಯಸ್ಸಿನವರದ್ದೋ ಎಂಬುದನ್ನು ಎಲ್ಲಿಯೂ ಹೇಳಿಲ್ಲ. ಗರ್ಭಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಮೇಲೂ ಗರ್ಭಪಾತವಾಗುವ ಸಾಧ್ಯತೆ ಇದ್ದೇ ಇರುತ್ತದೆ, ವಯಸ್ಸು ಏರಿದಂತೆ ಅದು ಹೆಚ್ಚುತ್ತದೆ. ಆದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ. ನನ್ನ ವಯಸ್ಸಿಗೆ ಎಷ್ಟು ಭರವಸೆ ಇಟ್ಟುಕೊಳ್ಳಬಹುದೆಂದು ವೈದ್ಯರು ಪ್ರಾಮಾಣಿಕವಾಗಿಯೇ ತಿಳಿಸಿದರು, ಆದರೆ ಬಾಯಿಮಾತಿನಲ್ಲಿ ಮಾತ್ರ. ಬ್ರಿಟನ್ನಿನಲ್ಲಿ 1990ರ ಕಾಯ್ದೆಯಡಿ ರಚನೆಯಾದ ಪ್ರಾಧಿಕಾರವು ಪ್ರತಿಯೊಂದು ಕೇಂದ್ರದ ಜನನ ಪ್ರಮಾಣವನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಉಳಿದ ವಿಷಯಗಳಲ್ಲಿ ಸಡಿಲವಾಗಿರುವ ಅಮೆರಿಕದಲ್ಲೂ 1992ರ ಕಾನೂನಿನಂತೆ ಕೇಂದ್ರವಾರು ಅಂಕಿಅಂಶ ಹೊರಬರುತ್ತದೆ. ನಮ್ಮಲ್ಲೂ ಕಾಯ್ದೆಯ ಪ್ರಕಾರ ರಾಷ್ಟ್ರೀಯ ದಾಖಲಾತಿ ವ್ಯವಸ್ಥೆಯಿದೆ. ಸಾಲ ಮಾಡಿ, ಒಡವೆ ಅಡವಿಟ್ಟು ಬರುವ ದಂಪತಿಗೆ ಆ ಲೆಕ್ಕ ಕನ್ನಡದಲ್ಲಿ, ಕೇಂದ್ರವಾರು ಸಿಗಲೇಬೇಕು.

ದರಪಟ್ಟಿಯನ್ನು ಮೊದಲೇ ಬರೆದುಕೊಟ್ಟರು, ಅದನ್ನು ಮೀರಿ ಹಣ ಕೇಳಲಿಲ್ಲ. ಭ್ರೂಣ ಶೇಖರಣೆಯ ವಾರ್ಷಿಕ ಶುಲ್ಕ ಮಾತ್ರ ಆ ಪಟ್ಟಿಯಲ್ಲಿ ಸೇರಿರುವುದಿಲ್ಲ; ಹೋಗುವವರು ಅದನ್ನು ಪ್ರತ್ಯೇಕವಾಗಿ ಕೇಳಿ, ಬರಹದಲ್ಲಿ ಪಡೆಯುವುದು ಒಳಿತು.