ಮುತ್ತಾತನ ಅಪ್ಪ ಯಾರು? ಗಣತಿ, ಹೆಳವರು, ರೆಕಾರ್ಡ್ ರೂಮ್

ಮನೆತನದ ಹಿಂದಿನವರ ಹೆಸರು ಹುಡುಕಲು ಈ ಮೂರರಲ್ಲಿ ಯಾವುದು ವಾಸಿ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ. ಗೆದ್ದಲು ತಿಂದಿದ್ದರೂ ಸರಿ.

ಜನಗಣತಿ ನೆಚ್ಚಿಕೊಂಡರೆ ಕೆಲಸ ಆಗಲ್ಲ. ಮೈಸೂರು ಸಂಸ್ಥಾನದಲ್ಲಿ 1871ರಲ್ಲೇ ಗಣತಿ ಆಗಿದೆ, ನಿಜ. ಆದರೆ ನಮ್ಮ ಕೈಗೆ ಸಿಗುವುದು ಬರೀ ವರದಿ ಮತ್ತು ಕೋಷ್ಟಕ. ಆಗ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನಡುವೆ ಧಾತು-ಈಶ್ವರ ಬರ ಬಂದುಹೋಗಿತ್ತು. ಆ ಲೆಕ್ಕದಲ್ಲಿ ನಮ್ಮ ಮನೆಯವರು ಎಷ್ಟು ಜನ ಅಂತ ಯಾವ ಕೋಷ್ಟಕವೂ ಹೇಳುವುದಿಲ್ಲ. ಈಚಿನ ಗಣತಿಗಳ ಮನೆ ವಿವರವನ್ನಂತೂ 1948ರ ಕಾಯ್ದೆಯೇ ಗುಟ್ಟಾಗಿ ಇಟ್ಟಿದೆ. ಅಮೆರಿಕದ 1890ರ ಗಣತಿ ಹಾಳೆಗಳು 1921ರ ಬೆಂಕಿಗೆ ಸಿಕ್ಕರೂ, ಉಳಿದ ಚೂರುಗಳಲ್ಲೇ ಅಲ್ಲಿನವರು ಹೆಸರು ಹುಡುಕುತ್ತಾರೆ. ನಮಗೆ ಅಂಥ ಸುಟ್ಟ ಚೂರೂ ಇಲ್ಲ!

ಹೆಳವರು ಅಂದರೆ ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವವರು. ಅವರು ಹೇಳುವುದನ್ನು ಕೇಳುವುದೇ ಚೆಂದ. ಮೂಲ ಊರು, ಬೆಡಗು (ಕುಲದ ಒಳಕವಲು), ಅಣ್ಣತಮ್ಮಂದಿರು ಬೇರೆಯಾದ ಕಥೆ, ಎಲ್ಲಾ ಬರುತ್ತದೆ. ಕಾಗದಕ್ಕಿಂತ ಎಷ್ಟೋ ತಲೆಮಾರು ಹಿಂದಕ್ಕೆ ಕರೆದೊಯ್ಯುತ್ತಾರೆ. ಆದರೆ ಇಸವಿ ಕೇಳಬೇಡಿ. ಹೆಣ್ಣುಮಕ್ಕಳ ಹೆಸರು ಅಪರೂಪ. ಸುಗ್ಗಿ ಮುಗಿದ ಮೇಲೆ ಅವರೇ ಬರಬೇಕು, ನಾವು ಕರೆದಾಗ ಅಲ್ಲ.

ಇನ್ನು ರೆಕಾರ್ಡ್ ರೂಮ್. ಇಲ್ಲಿ ಬೇಕಾದದ್ದು ಪೌತಿ ಖಾತೆಯ ಮ್ಯುಟೇಶನ್, ಅಂದರೆ ತೀರಿಕೊಂಡವರ ಖಾತೆ ವಾರಸುದಾರರಿಗೆ ಬದಲಾದ ದಾಖಲೆ. ಅಪ್ಪ ತೀರಿಕೊಂಡು ಮಗನ ಹೆಸರಿಗೆ ಜಮೀನು ಬಂದಾಗ ಎರಡು ತಲೆಮಾರು ಒಂದೇ ಸಾಲಿನಲ್ಲಿ ಸಿಗುತ್ತವೆ, ತಾರೀಖಿನ ಸಮೇತ. ಭೂ ಸುರಕ್ಷಾ ಯೋಜನೆಯಲ್ಲಿ ಹಳೇ ಕಡತಗಳು ಸ್ಕ್ಯಾನ್ ಆಗುತ್ತಿವೆ. ಆದರೆ ಹಾಳೆಯ ಜೊತೆ ತೂತೂ ಸ್ಕ್ಯಾನ್ ಆಗುತ್ತದಲ್ಲ, ಅದೇ ತಲೆನೋವು.

ನನಗೆ ಸಿಕ್ಕ ಸಾಲು 'ತಿಮ್ಮಯ್ಯ ಬಿನ್' (ಬಿನ್ ಅಂದರೆ ಇಂಥವರ ಮಗ) ಅಂತ ಶುರುವಾಗಿ ಅಲ್ಲಿಗೇ ನಿಂತಿತ್ತು. ಮುಂದೆ ಕಡಲೆಕಾಳಿನಷ್ಟು ತೂತು, ಅದರ ಅಂಚಿನಲ್ಲಿ ಒಂದು ಒತ್ತಕ್ಷರದ ಬಾಲ. ಊರಿನಲ್ಲಿ ತಿಮ್ಮಯ್ಯಂದಿರಿಗೆ ಬರವೇ? ತಾತನ ಹೆಸರು ಮೊಮ್ಮಗನಿಗೆ ಇಡುವ ನಮ್ಮ ಕಡೆ, ಊಹೆ ಮಾಡಿದರೆ ತಲೆಮಾರೇ ಅದಲುಬದಲಾಗುತ್ತದೆ. ಐಎಲ್‌ಆರ್‌ಆರ್ (ಜಮೀನು ಮತ್ತು ಹಕ್ಕುಗಳ ಹಳೇ ಸೂಚಿ ಪುಸ್ತಕ) ಕೇಳಿದರೆ ಶಿಥಿಲವಾಗಿದೆ ಅಂತ ಹಿಂಬರಹ ಕೊಟ್ಟರು.

ಕೊನೆಗೆ ದಾರಿ ತೋರಿಸಿದ್ದು ಪಕ್ಕದ ಹೊಲದವರ ಕ್ರಯಪತ್ರ. ಅವರ ಟ್ರಂಕಿನಲ್ಲಿ ಮಡಿಸಿಟ್ಟಿದ್ದ ಛಾಪಾ ಕಾಗದ. ಅದರ ಚಕ್ಕುಬಂದಿಯಲ್ಲಿ (ಜಮೀನಿನ ನಾಲ್ಕು ಗಡಿಗಳ ವಿವರದಲ್ಲಿ) 'ಪೂರ್ವಕ್ಕೆ ದೊಡ್ಡನರಸಯ್ಯನ ಮಗ ತಿಮ್ಮಯ್ಯನ ಜಮೀನು' ಅಂತ ಸ್ಪಷ್ಟವಾಗಿ ಬರೆದಿತ್ತು. ತೂತಿನ ಅಂಚಿನ ಬಾಲವೂ ಡ ಒತ್ತಿಗೆ ಸರಿಯಾಗಿ ಹೊಂದಿತು. ಹಾಗಾಗಿ ರೆಕಾರ್ಡ್ ರೂಮಿಗೆ ಹೋಗುವ ಮೊದಲು ಅಕ್ಕಪಕ್ಕದ ಸರ್ವೆ ನಂಬರುಗಳನ್ನೂ ಬರೆದುಕೊಳ್ಳಿ.

ಜಮೀನೇ ಇಲ್ಲದ ಮನೆತನಕ್ಕೆ ಇದರಿಂದ ಏನೂ ಸಿಗದು. ಅವರು ಊರಿನ ಹಳೇ ಶಾಲೆಯ ದಾಖಲಾತಿ ರಿಜಿಸ್ಟರ್ ನೋಡಬೇಕು.

ತುಮಕೂರಿನಲ್ಲಿ ಕೆಲಸ ಮಾಡುವ ನನಗೆ ಅರ್ಧ ದಿನ ರಜೆ, ಬಸ್ ಚಾರ್ಜು, ನಕಲು ಶುಲ್ಕ ಇಷ್ಟೇ ಖರ್ಚು. ಹೆಳವರಿಗೆ ಕೈತುಂಬ ಕೊಡಬೇಕು, ಕೊಡೋಣ. ಆದರೆ ಮೊದಲು ಕಾಗದ ಕೈಗೆ ಬರಲಿ, ಆಮೇಲೆ ಅವರ ಬಾಯಿಂದ ಹಿಂದಿನದು ಕೇಳಿದರಾಯಿತು.